ನೋಟಿನ ಮೇಲೆ ಒತ್ತಿದ ಸಿಕ್ಕಾ

ವಾಡಿ ಸ್ಟೇಷನ್ನಿನ ಹೊರಗೆ ನಾನು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮಾರುತ್ತೇನೆ. ಚೀಲದ ಮೇಲೆ ಒತ್ತಲೆಂದು ಶಹಾಬಾದಿನಲ್ಲಿ ಒಂದು ರಬ್ಬರ್ ಸಿಕ್ಕಾ ಮಾಡಿಸಿದೆ. ರೊಟ್ಟಿ ಎಲ್ಲಿ ಸಿಗುತ್ತದೆ ಎಂಬುದು, ಕೆಳಗೆ ನನ್ನ ಫೋನ್ ನಂಬರು. ಎಲ್ಲಕ್ಕೂ ಮೇಲೆ ‘ಶ್ರೀ ಎಲ್ಲಮ್ಮದೇವಿ ಪ್ರಸನ್ನ’. ಆ ಸಾಲು ನಾನು ಹೇಳಿದ್ದಲ್ಲ. ಲಗ್ನಪತ್ರಿಕೆಗೆ ಹಾಕುವ ಹಾಗೆ ಸಿಕ್ಕಾದವನೇ ಹಾಕಿದ.

ಪ್ಲಾಸ್ಟಿಕ್ ಚೀಲದ ಮೇಲೆ ಮಸಿ ನಿಲ್ಲಲಿಲ್ಲ. ನೋಟಿನ ಮೇಲೆ ನಿಂತಿತು. ಚಿಲ್ಲರೆ ಕೊಡುವ ಹತ್ತರ ನೋಟಿಗೆಲ್ಲ ಒತ್ತಿದೆ. ಚೀಲವನ್ನು ಜನ ರೈಲಿನ ಕಿಟಕಿಯಿಂದ ಬಿಸಾಕುತ್ತಾರೆ, ನೋಟನ್ನು ಬಿಸಾಕುವುದಿಲ್ಲ. ಸೊಲ್ಲಾಪುರ, ಗುಂತಕಲ್, ಎಲ್ಲಿ ಬೇಕಾದರೂ ಹೋಗುತ್ತದೆ. ಪುಕ್ಕಟೆ ಜಾಹೀರಾತು.

ಪಕ್ಕದ ಬಾಳೆಹಣ್ಣಿನ ಗಾಡಿಯವಳು ಒಂದು ದಿನ ಅಂಥದೊಂದು ನೋಟನ್ನು ನನ್ನ ಮುಂದೆ ಎಸೆದಳು. ಬ್ಯಾಂಕಿನವರು ತೆಗೆದುಕೊಂಡಿರಲಿಲ್ಲ.

“ಸರ್ಕಾರದ ನೋಟಿಗಿ ನಿನ್ ರೊಟ್ಟಿ ಹೆಸರು ಹಚ್ಚೀದಿ. ಜೇಲ್‌ನ್ಯಾಗ ರೊಟ್ಟಿ ಬಡಿಲಾಕ ಕರೀತಾರ ನೋಡು, ಮುದುಕಿ,” ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಪೊಲೀಸರು ಹುಡುಕುವ ಕೆಲಸವೂ ಇರಲಿಲ್ಲ, ನಂಬರು ನಾನೇ ಹಂಚಿದ್ದೆ. ಫೋನ್ ಎತ್ತುವುದನ್ನು ಬಿಟ್ಟೆ. ಖಾಕಿ ಬಟ್ಟೆಯವನು ರೊಟ್ಟಿಗೆ ನಿಂತರೆ ಚಿಲ್ಲರೆಯ ಡಬ್ಬಿ ಮುಚ್ಚಿಬಿಡುತ್ತಿದ್ದೆ. ಸೇಡಂನಲ್ಲಿರುವ ಮಗಳು, ನಾನು ಸತ್ತೇ ಹೋದೆನೆಂದು ಬಸ್ಸು ಹತ್ತಿ ಬಂದಳು. ಬದುಕಿರುವುದನ್ನು ನೋಡಿ ಬೈದಳು. ಬ್ಯಾಂಕಿಗೆ ಎಳೆದುಕೊಂಡು ಹೋದಳು.

ಕ್ಯಾಶಿಯರ್ ನೋಟು ತಿರುವಿ ನೋಡಿದ. ನೋಟಿನ ಮೇಲೆ ಬರೆಯಬಾರದು, ಆದರೆ ಗೀಚಿದ ನೋಟು ನಡೆಯುತ್ತದೆ, ಇಷ್ಟಕ್ಕೆ ಯಾರನ್ನೂ ಜೇಲಿಗೆ ಹಾಕಿದ್ದು ತಾನು ಕೇಳಿಲ್ಲ ಎಂದ. ತೊಂದರೆ ಮೇಲಿನ ಸಾಲಿನದು. ಧರ್ಮದ ಮಾತೋ ಪಾರ್ಟಿಯ ಮಾತೋ ಇದ್ದರೆ ಆ ನೋಟು ಬಾದ್, ಬ್ಯಾಂಕೂ ತೆಗೆದುಕೊಳ್ಳುವುದಿಲ್ಲ.

ದೇವರ ಹೆಸರು ಎಲ್ಲ ಅಂಗಡಿಯ ಬೋರ್ಡಿನ ಮೇಲೂ ಇರುತ್ತದಲ್ಲ ಎಂದೆ.

“ಬೋರ್ಡು ನಿಮ್ದರೀ ಆಯಿ. ನೋಟು ನಿಮ್ದಲ್ಲ.”

ಜೇಲಿನ ಭಯ ಇಳಿಯಿತು, ಇನ್ನೊಂದು ಹತ್ತಿತು. ನಾನು ಕೊಟ್ಟ ಚಿಲ್ಲರೆಯೆಲ್ಲ ರದ್ದಿ. ಆ ನೋಟು ನಡೆಯುವುದಿಲ್ಲವೆಂದು ಯಾರನ್ನು ಎಲ್ಲಿ ಬಸ್ಸಿನಿಂದ ಇಳಿಸುತ್ತಾರೋ. ಬಾಳೆಹಣ್ಣಿನವಳ ನೋಟು ಬದಲಿಸಿಕೊಟ್ಟೆ. ಸಿಕ್ಕಾ ಒಲೆಗೆ ಹಾಕಿದೆ. ದೇವಿಯ ಹೆಸರನ್ನು ಸುಟ್ಟೆ ಎಂದು ಮಗಳು ಅದಕ್ಕೂ ಬೈದಳು. ಈಗ ಅಂಥ ನೋಟು ಕಂಡರೆ ಸಾಕು, ಇಸಿದುಕೊಂಡು ಬೇರೆ ಕೊಡುತ್ತೇನೆ.

ಮೊನ್ನೆ ಚಿಂಚೋಳಿಗೆ ಹೊರಟಿದ್ದ ಹೆಂಗಸೊಬ್ಬಳು ರೊಟ್ಟಿ ಕೊಂಡು ನನ್ನದೇ ನೋಟು ತೆಗೆದಳು. ಓದು ಬಾರದವಳು. ಇದೇನು ಬರೆದಿದೆ ಎಂದು ಕೇಳಿದಳು. ಸುಮ್ಮನಿರಬೇಕಿತ್ತು. ಎಲ್ಲಮ್ಮನ ಹೆಸರು ಎಂದೆ. ನೋಟನ್ನು ಕಣ್ಣಿಗೆ ಒತ್ತಿಕೊಂಡು, ನನಗೆ ಬೇರೆ ನೋಟು ಚಾಚಿದಳು. ಅದು ಎಲ್ಲೂ ನಡೆಯುವುದಿಲ್ಲ, ನನಗೇ ಕೊಡು ಎಂದೆ. ಇಪ್ಪತ್ತು ಕೊಡುತ್ತೇನೆ ಎಂದೆ. ಅನುಮಾನ ಇನ್ನೂ ಹೆಚ್ಚಾಯಿತು.

“ನಡೀದ ನೋಟಿಗಿ ಇಪ್ಪತ್ತು ಯಾಕ ಕೊಡ್ತಿ? ನಾ ಕೊಡಂಗಿಲ್ಲ. ಅವ್ವ ನನ್ನ ಕೈಗಿ ಬಂದಾಳ.”

ನೋಟನ್ನು ಕುಪ್ಪಸದೊಳಗೆ ಇಟ್ಟುಕೊಂಡಳು. ಬಸ್ಸು ಹತ್ತಿದಳು. ಬಸ್ಸು ಚಿತ್ತಾಪುರದ ಕಡೆಗೆ ತಿರುಗಿತು, ಒಳಗೆ ನನ್ನ ನಂಬರು.