ಕೊಡದೆ ಉಳಿಸಿಕೊಂಡ ರಕ್ತ

ತಂಗಿಯ ಆಪರೇಷನ್ನಿಗೆ ರಕ್ತ ಕೊಡುತ್ತೇನೆಂದು ಒಪ್ಪಿಕೊಂಡಿದ್ದ ನಾನು ಆ ದಿನ ಆಸ್ಪತ್ರೆಗೆ ಹೋಗಲಿಲ್ಲ.

ಎಂಬತ್ತರ ದಶಕದ ಮಾತು. ನಮ್ಮ ಮನೆ ಕೋಗಿಲು ಹಳ್ಳಿಯಲ್ಲಿ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಯಶವಂತಪುರದ ಮಂಡಿಯಲ್ಲಿ ಮೂಟೆ ಹೊರುತ್ತಿದ್ದೆ. ಹನ್ನೆರಡು ವರ್ಷದ ತಂಗಿ ಸ್ವಲ್ಪ ದೂರ ನಡೆದರೂ ಕಾಲು ನೋವೆಂದು ಕೂತುಬಿಡುತ್ತಿದ್ದಳು. ಬೇಸಿಗೆಯಲ್ಲೂ ಅವಳ ಪಾದ ತಣ್ಣಗೆ. ಸೋಮಾರಿ ಎಂದು ನಾನು ಬೈಯುತ್ತಿದ್ದೆ.

ಡಾಕ್ಟರು ಮೊದಲು ಅವಳ ಕೈಯ ನಾಡಿ ಹಿಡಿದರು, ಆಮೇಲೆ ಪಾದದಲ್ಲಿ ಬಹಳ ಹೊತ್ತು ಹುಡುಕಿದರು. "ಹೃದಯದಿಂದ ಹೊರಡೋ ದೊಡ್ಡ ರಕ್ತನಾಳ ಬಾಗಿ ಕೆಳಗಿಳಿಯೋ ಕಡೆ ಹುಟ್ಟಿನಿಂದ್ಲೇ ಇಕ್ಕಟ್ಟಾಗಿದೆ. ಮೇಲೆ ಒತ್ತಡ ಜಾಸ್ತಿ, ಕಾಲಿಗೆ ರಕ್ತ ಸಾಲ್ತಿಲ್ಲ. ಆ ತುಂಡು ತೆಗೆದು ಎರಡೂ ತುದಿ ಸೇರಿಸಿ ಹೊಲೀಬೇಕು. ರಕ್ತ ಮನೆಯವರೇ ಕೊಡ್ಬೇಕು."

ಅಪ್ಪ ಇರಲಿಲ್ಲ. ಅವ್ವನಿಗೇ ರಕ್ತ ಕಡಿಮೆ ಎಂದರು. ನನ್ನದು ಹೊಂದಿತು.

"ಅಣ್ಣ, ನಿನ್ ರಕ್ತ ಬಂದ್ರೆ ನಾನೂ ಮೂಟೆ ಎತ್ತೀನಾ?" ಎಂದು ತಂಗಿ ನಕ್ಕಳು.

ಮಂಡಿಯಲ್ಲಿ ಹೇಳಿಕೊಂಡೆ. ನಮ್ಮ ಗುಂಪಿನ ಹಿರಿಯ ಹಮಾಲಿ ಬೀಡಿ ಆರಿಸಿ, "ಒಂದ್ ಬಾಟ್ಲಿ ರಕ್ತ ಓದ್ರೆ ಸೊಂಟ ನಿಲ್ಲಲ್ಲ ಕಣ್ಲಾ. ಆಮೇಲೆ ಎಂಗಸ್ರ ಜೊತೆ ಕೂತ್ಕೊಂಡು ಈರುಳ್ಳಿ ಆರ್ಸು," ಎಂದ. ಎಲ್ಲರೂ ನಕ್ಕರು. ನಕ್ಕವರೆಲ್ಲ ಅದನ್ನು ನಂಬಿದ್ದರು. ನಾನೂ ನಂಬಿದೆ. ಸೊಂಟ ಬಿಟ್ಟರೆ ನನಗೆ ಇನ್ನೇನಿತ್ತು?

ಬೆಳಿಗ್ಗೆ ಆಸ್ಪತ್ರೆಯ ಬಸ್ಸು ಬಿಟ್ಟು ಮಂಡಿಯ ಬಸ್ಸು ಹತ್ತಿದೆ. ದಿನವಿಡೀ ಆಲೂಗಡ್ಡೆ ಮೂಟೆ ಇಳಿಸಿದೆ. ಅವ್ವ ಆಸ್ಪತ್ರೆಯ ಬಾಗಿಲ ಕಡೆ ನೋಡುತ್ತ ಕೂತಿರುತ್ತಾಳೆಂದು ಗೊತ್ತಿತ್ತು. ಆದರೂ ಕಾಲು ಅತ್ತ ಏಳಲಿಲ್ಲ.

ಆಪರೇಷನ್ ನಿಂತುಹೋಯಿತು. ಅಣ್ಣನಿಗೆ ಜ್ವರ ಎಂದು ಅವ್ವ ತಂಗಿಗೆ ಸುಳ್ಳು ಹೇಳಿದಳು.

ಮತ್ತೆ ಸರದಿ ಬರಲು ಎರಡು ವರ್ಷವಾಯಿತು. ಆ ಸಲ ಊರಿಂದ ಬಂದ ಸೋದರಮಾವ ರಕ್ತ ಕೊಟ್ಟ. ಅವನ ಸೊಂಟಕ್ಕೆ ಏನೂ ಆಗಲಿಲ್ಲ. ತಂಗಿಯ ನಾಳ ಸರಿಹೋಯಿತು, ಪಾದ ಬೆಚ್ಚಗಾಯಿತು. ರಕ್ತದ ಒತ್ತಡ ಮಾತ್ರ ಇಳಿಯಲಿಲ್ಲ. "ಮೊದ್ಲೇ ಮಾಡಿದ್ರೆ ಇಳೀತಿತ್ತೇನೋ. ಹೇಳಕ್ಕಾಗಲ್ಲ," ಎಂದರು ಡಾಕ್ಟರು. ಅವರಿಗೇ ಗೊತ್ತಿಲ್ಲದ್ದನ್ನು ನಾನು ಯಾರನ್ನು ಕೇಳಲಿ?

ಒಂದು ಸಂಜೆ ಅವಳು ತಲೆನೋವಿಗೆ ಮಾತ್ರೆ ನುಂಗಿ ಮಲಗಿದ್ದಳು. ನಾನು ಪಾದ ಒತ್ತುತ್ತಿದ್ದೆ.

"ಈಗ ಬಿಸಿ ಇದೆ ಅಲ್ವಾ?" ಎಂದಳು. "ಅವತ್ತು ನಿಂಗೆ ಜ್ವರ ಬರ್ದೇ ಇದ್ದಿದ್ರೆ ನಾನೂ ಮಂಡಿಗೆ ಬರ್ತಿದ್ದೆ, ನೋಡು."

ನನ್ನ ಕೈ ನಿಂತಿತು.

"ಜ್ವರ ಇರ್ಲಿಲ್ಲ ಕಣಮ್ಮ. ಭಯ ಬಿದ್ದು ಮೂಟೆ ಒರೋಕೆ ಓಗಿದ್ದೆ. ತಪ್ಪಾಯ್ತು."