ಆ ಭಾನುವಾರ ಮಾವ ಮಾಡಿದ್ದು

ಸಿಟ್ಟು ಬಂದರೆ ಮಾವನ ಬಲಗಿವಿ ಮೊದಲು ಕೆಂಪಾಗುತ್ತಿತ್ತು. ಆಮೇಲೆ ಹಣೆಯ ಪಕ್ಕದ ನರ ಉಬ್ಬುತ್ತಿತ್ತು. ಅಷ್ಟರಲ್ಲಿ ಅವರು ಚಪ್ಪಲಿಯನ್ನೂ ಮೆಟ್ಟದೆ ಎದ್ದುಹೋಗಿ, ಗೇಟಿನ ಬಳಿ ರಸ್ತೆಗೆ ಮುಖ ಮಾಡಿ ನಿಂತುಬಿಡುತ್ತಿದ್ದರು. ಕಿವಿಯ ಬಣ್ಣ ಇಳಿದ ಮೇಲೆಯೇ ಒಳಗೆ ಬರುವುದು. ಜಕ್ಕೂರಿನ ಆ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ನಾನು ಮಾವನ ಕಿವಿ ನೋಡಿಕೊಂಡು ಮಾತಾಡುವುದನ್ನು ಕಲಿತೆ.

ಅದರ ಕಾರಣವನ್ನು ಅವರೇ ಹೇಳಿದ್ದರು. ಯಶವಂತಪುರದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದಾಗ, ಮಕ್ಕಳು ಇನ್ನೂ ಸಣ್ಣವರಿದ್ದಾಗ, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಸ್ಟೀಲ್ ಲೋಟ ಬೀಸಿದ್ದರಂತೆ. ಅತ್ತೆಯ ಹುಬ್ಬಿನ ಮೇಲೆ ಆ ಗಾಯದ ಗೆರೆ ಉಳಿದುಬಿಟ್ಟಿತ್ತು. "ಈ ಗೆರೆ ನಾನು ಎಳ್ದಿದ್ದು ಕಣಮ್ಮ," ಎಂದು ಅತ್ತೆಯ ಎದುರೇ ನನಗೆ ತೋರಿಸಿದರು. ಅಂದಿನಿಂದ ದೇವರ ಮುಂದೆ ದಿನಾ ಕೇಳಿಕೊಳ್ಳುವುದು ಒಂದೇ, ಕೈ ತನ್ನ ಹತೋಟಿಯಲ್ಲಿರಲಿ ಎಂದು. ಸಿಟ್ಟು ಸಾಕಿದ ನಾಯಿ ಇದ್ದಂತೆ, ಅಂಗಳದಲ್ಲಿ ಕಟ್ಟಿಹಾಕಬೇಕು, ಹಾಸಿಗೆ ಹತ್ತಿಸಬಾರದು ಎನ್ನುತ್ತಿದ್ದರು.

ನಿವೃತ್ತಿಯಾದ ಮೇಲೂ ಬೆಳಗಿನ ಜಾವ ಎದ್ದು ತಮ್ಮ ಬಟ್ಟೆ ತಾವೇ ಇಸ್ತ್ರಿ ಮಾಡಿಕೊಳ್ಳುವರು. ಅತ್ತೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದ್ದನ್ನು ಕಣ್ಣಾರೆ ನೋಡದೆ ತಿಂಡಿಗೆ ಕೂರುತ್ತಿರಲಿಲ್ಲ. ಸಂಜೆ ಯಾರೇ ಬಂದಿರಲಿ, ಟಿವಿಯಲ್ಲಿ ಏನೇ ಬರುತ್ತಿರಲಿ, ಎಲ್ಲರೂ ಚಾಪೆಯ ಮೇಲೆ ಕೂತು ಒಂದು ಕೀರ್ತನೆ ಹಾಡಿ, ಬೈಬಲಿನ ವಾಕ್ಯ ಓದಿ, ಪ್ರಾರ್ಥನೆ ಮಾಡಲೇಬೇಕು. ನಮ್ಮ ಚರ್ಚಿನ ಸಭೆಯಲ್ಲಿ ಅವರು ಹಿರಿಯರಾಗಿದ್ದರು. ಅವರ ಮಾತೆಂದರೆ ಪಾದ್ರಿ ಅಯ್ಯನವರಿಗೂ ಗೌರವ.

ಆ ಭಾನುವಾರ ಮಧ್ಯಾಹ್ನ ನನ್ನ ಮೈದುನ ಗೆಳೆಯರ ಜೊತೆ ಊಟಕ್ಕೆಂದು ಮಾವನ ಕಾರು ತೆಗೆದುಕೊಂಡು ಹೋಗಿದ್ದ. ಅವನಿಗೆ ಹುಡುಗಿ ಗೊತ್ತಾಗಿತ್ತು. ಮದುವೆಯ ಸೀರೆ ತರುವ ಮಾತು ನಡೆಯುತ್ತಿತ್ತು. ನಾಲ್ಕು ಗಂಟೆಯ ಹೊತ್ತಿಗೆ ಕಾರು ಬಂದು ನಿಂತಿತು. ಮುಂದಿನ ಒಂದು ದೀಪ ಪುಡಿಯಾಗಿತ್ತು. ಒಳಗೆ ಬಂದವನ ಬಾಯಿಂದ ಬಿಯರ್ ವಾಸನೆ. ನೀರು ಕೊಟ್ಟರೆ ಕುಡಿಯದೆ ಲೋಟ ಪಕ್ಕಕ್ಕಿಟ್ಟು ಕೂತ. ಸರ್ವಿಸ್ ರಸ್ತೆಯಲ್ಲಿ ಒಬ್ಬ ಸ್ಕೂಟರಿನವನಿಗೆ ಗುದ್ದಿದ್ದೇನೆ, ಅವನು ಏಳಲಿಲ್ಲ, ಜನ ಓಡಿಬರುವುದನ್ನು ಕನ್ನಡಿಯಲ್ಲಿ ನೋಡಿ ಹೆದರಿ ಬಂದುಬಿಟ್ಟೆ ಎಂದ.

ಮನೆಯಲ್ಲಿ ಅತ್ತೆಯ ತಮ್ಮನೂ ಇದ್ದರು. ಅವರು ತಡಮಾಡದೆ ಫೋನ್ ಹಿಡಿದರು. ನಾಗಸಂದ್ರದಲ್ಲಿ ತಮಗೆ ಗೊತ್ತಿರುವ ಗ್ಯಾರೇಜು ಇದೆ, ಕಾರನ್ನು ಈಗಲೇ ಕಳಿಸೋಣ ಎಂದರು. ನನ್ನ ಗಂಡ ತಮ್ಮನಿಗೆ ಸ್ನಾನ ಮಾಡಿ ಮಲಗಲು ಹೇಳಿದರು. ನಾನು ಬಾಗಿಲು ಹಾಕಿದೆ. ಅತ್ತೆ ಮಾವನ ಕೈ ಹಿಡಿದುಕೊಂಡು, ಮೆಲ್ಲಗೆ, ನಮಗೆಲ್ಲ ಕೇಳುವಂತೆಯೇ ಬೇಡಿಕೊಂಡರು: "ಯಾರಾದ್ರೂ ಬಂದ್ ಕೇಳಿದ್ರೆ ಗಾಡಿ ನೀವೇ ಓಡಿಸ್ತಿದ್ರಿ ಅಂದ್ಬಿಡಿ. ನೀವು ಕುಡಿಯೋರಲ್ಲ. ವಯಸ್ಸಾಗಿದೆ, ಕಣ್ಣು ಮಂಜಾಯ್ತು ಅಂದ್ರೆ ನಂಬ್ತಾರೆ."

ಮಾವನ ಕಿವಿ ಕೆಂಪಗೆ ಕೆಂಡವಾಗಿತ್ತು. ಅವರು ಕೈ ಬಿಡಿಸಿಕೊಂಡು, ನಾನು ಹಾಕಿದ್ದ ಬಾಗಿಲು ತೆಗೆದು, ಗೇಟಿನ ಬಳಿಗೆ ಹೋದರು. ಕಿಟಕಿಯಿಂದ ಅವರ ಬೆನ್ನು ಕಾಣುತ್ತಿತ್ತು. ಒಳಗೆ ಬಂದರೆ ಮಗನ ಮೈಮೇಲೆ ಕೈ ಮಾಡುತ್ತಾರೆ ಎಂದೇ ನಾವೆಲ್ಲ ತಿಳಿದೆವು. ನನ್ನ ಗಂಡ ತಮ್ಮನ ಮುಂದೆ ಹೋಗಿ ಅಡ್ಡ ನಿಂತರು. ಆವತ್ತು ಮಾವ ಗೇಟಿನ ಬಳಿ ಬಹಳ ಹೊತ್ತು ನಿಂತಿದ್ದರು.

ಒಳಗೆ ಬಂದವರು ಮುಖ ತೊಳೆದರು. ಬೆಳಿಗ್ಗೆ ದೇವಾಲಯಕ್ಕೆ ಹಾಕಿಕೊಂಡಿದ್ದ ಬಿಳಿ ಅಂಗಿಯನ್ನೇ ಮತ್ತೆ ತೊಟ್ಟು, ಗುಂಡಿ ಹಾಕುತ್ತಾ ನಮ್ಮನ್ನೆಲ್ಲ ನೋಡಿದರು.

"ಬಿದ್ದಿರೋನು ಬದುಕಿದಾನೋ ಇಲ್ವೋ ಅಂತ ಒಬ್ರಾದ್ರೂ ಕೇಳಿದ್ರಾ?"

ಅವರು ಮಗನ ತೋಳು ಹಿಡಿದು ಎಬ್ಬಿಸಿದರು. "ನಡಿಯಪ್ಪ. ಮೊದ್ಲು ಅವನನ್ನ ನೋಡೋಣ. ಆಮೇಲೆ ಸ್ಟೇಷನ್ನು."

ಅತ್ತೆ ಬಾಗಿಲಿಗೆ ಅಡ್ಡ ನಿಂತು, ಹೊಸಲು ದಾಟಿದರೆ ತಾನು ಇನ್ನು ಅವರ ಜೊತೆ ಮಾತಾಡುವುದಿಲ್ಲ ಎಂದರು. ಮಾವ ಅವರನ್ನು ತಳ್ಳಲಿಲ್ಲ, ಗದರಲಿಲ್ಲ. ಮಗನ ತೋಳು ಬಿಡದೆ ಹಾಗೇ ನಿಂತರು. ಕೊನೆಗೆ ಅತ್ತೆಯೇ ಪಕ್ಕಕ್ಕೆ ಸರಿದು ಗೋಡೆಗೆ ಒರಗಿದರು. ಅಪ್ಪ ಮಗ ಆಟೋ ಹತ್ತಿ ಹೋದರು.

ಆ ಮನುಷ್ಯ ಬದುಕಿದ್ದ. ಗೊರಗುಂಟೆಪಾಳ್ಯದ ಕಡೆಯ ಎಲೆಕ್ಟ್ರಿಷಿಯನ್. ಆಸ್ಪತ್ರೆಯಲ್ಲಿ ಅವನ ತೊಡೆಮೂಳೆಗೆ ರಾಡ್ ಹಾಕಿದರು. ಮೈದುನನ ಮೇಲೆ ಕೇಸಾಯಿತು, ಮದುವೆ ಮುರಿಯಿತು. ಸಂಬಂಧಿಕರು ಮಾವನನ್ನು ಕಲ್ಲೆದೆಯವನೆಂದರು. ಮನೆಯನ್ನು ಸರಿಯಾಗಿ ನೋಡಿಕೊಳ್ಳದವನು ಸಭೆಯನ್ನು ಹೇಗೆ ನೋಡಲಿ ಎಂದು ಮಾವ ಹಿರಿಯರ ಸ್ಥಾನವನ್ನೂ ಬಿಟ್ಟರು. ಅಯ್ಯನವರು ಮನೆಗೆ ಬಂದು ಕೇಳಿಕೊಂಡರೂ ಒಪ್ಪಲಿಲ್ಲ. ಕೋರ್ಟಿಗೆ ಕರೆದಾಗಲೆಲ್ಲ ಮಗನ ಜೊತೆ ಬಸ್ಸಿನಲ್ಲಿ ಹೋಗಿ, ಹೊರಗಿನ ಬೆಂಚಿನ ಮೇಲೆ ಕೂತಿದ್ದು ಬರುತ್ತಿದ್ದರು.

ಅತ್ತೆ ಮಾತು ಉಳಿಸಿಕೊಂಡರು. ತಟ್ಟೆಗೆ ಬಡಿಸಿ ಒಳಗೆ ಹೋಗಿಬಿಡುವರು. ಸಂಜೆಯ ಪ್ರಾರ್ಥನೆಗೂ ಬರುತ್ತಿರಲಿಲ್ಲ. ಮಾವ ಅಡುಗೆಮನೆಗೆ ಕೇಳಿಸುವಷ್ಟು ಗಟ್ಟಿಯಾಗಿ ವಾಕ್ಯ ಓದುತ್ತಿದ್ದರು. ಅವರು ಓದುವಷ್ಟು ಹೊತ್ತು ಒಳಗೆ ಪಾತ್ರೆಯ ಸದ್ದು ನಿಂತಿರುತ್ತಿತ್ತು. ಮೈದುನನೂ ಅಪ್ಪನ ಮುಖ ನೋಡದೆ ತಿಂಗಳುಗಟ್ಟಲೆ ಕಳೆದ. ಆದರೆ ಕುಡಿತ ಬಿಟ್ಟ. ಆಮೇಲಾಮೇಲೆ, ಯಾರೂ ಹೇಳದೆಯೇ, ಆ ಎಲೆಕ್ಟ್ರಿಷಿಯನ್ನನ್ನು ಕಾಲಿನ ವ್ಯಾಯಾಮಕ್ಕೆ ಆಸ್ಪತ್ರೆಗೆ ಕರೆದೊಯ್ಯತೊಡಗಿದ. ಮನೆಯಲ್ಲಿ ಮಾತು ಮೆಲ್ಲಗೆ ಹಿಂದಿರುಗಿತು. ಆದರೂ ಅತ್ತೆ ಆ ಭಾನುವಾರವನ್ನು ಎತ್ತಲಿಲ್ಲ, ಮಾವನೂ ಎತ್ತಲಿಲ್ಲ.

ಕಳೆದ ವರ್ಷ ಮಾವನಿಗೆ ಕಿಡ್ನಿ ಕೈಕೊಟ್ಟಿತು. ಹೆಬ್ಬಾಳದ ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ಅವರ ಪಕ್ಕ ನಾನೊಬ್ಬಳೇ ಕೂತಿದ್ದೆ. ಆವತ್ತು ಅಷ್ಟೊಂದು ಸಿಟ್ಟನ್ನು ಹೇಗೆ ನುಂಗಿದಿರಿ ಮಾವ ಎಂದು ಕೇಳಿದೆ.

"ಸಿಟ್ಟಲ್ಲಮ್ಮ ಅದು," ಎಂದರು. ಉಸಿರು ತೆಗೆದುಕೊಂಡು ಮತ್ತೆ ಹೇಳಿದರು: "ನಾನೇ ಓಡಿಸ್ತಿದ್ದೆ ಅಂತ ಹೇಳ್ಬಿಡೋಣ ಅಂತಾನೇ ಗೇಟ್ ಹತ್ರ ಹೋಗಿ ನಿಂತಿದ್ದು. ನಾಲಿಗೆ ತುದೀಲಿತ್ತು. ಅದೇ ಪ್ರೀತಿ ಅನ್ಸಿತ್ತು. ಆದ್ರೆ ಹಂಗ್ ಹೇಳಿದ್ರೆ ಅವನು ಬದುಕಿರೋವರ್ಗೂ ನನ್ನ ಬೆನ್ನ ಹಿಂದೇನೇ ಬಚ್ಚಿಟ್ಕೊಂಡಿರ್ತಿದ್ದ. ಸಿಟ್ಟು ಕಟ್ಟಾಕೋದು ಅಭ್ಯಾಸ ಇತ್ತು ನಂಗೆ. ಇದನ್ನ ಕಟ್ಟಾಕೋಕೆ ದೇವರೇ ಬರ್ಬೇಕಾಯ್ತು."

ನನಗೂ ಇಬ್ಬರು ಮಕ್ಕಳಿದ್ದಾರೆ. ಅವರ ತಪ್ಪನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಬೇಕು ಅನ್ನಿಸಿದಾಗಲೆಲ್ಲ ಆ ಮಾತು ನನ್ನನ್ನು ತಡೆದು ನಿಲ್ಲಿಸುತ್ತದೆ. ಮಾವನಿಂದ ನನಗೆ ಸಿಕ್ಕ ಆಸ್ತಿ ಅದೇ.

ಆಸ್ಪತ್ರೆಯಲ್ಲಿ ಆ ಮಾತಾಡಿ ವಾರ ದಾಟುವ ಮೊದಲೇ ಮಾವ ಹೋದರು. ಸಮಾಧಿಗೆ ಮಣ್ಣು ಹಾಕಿ ಎಲ್ಲರೂ ಗೇಟಿನ ಕಡೆ ಹೊರಟಾಗ ಅತ್ತೆ ಅಲ್ಲಿಯೇ ನಿಂತಿದ್ದರು. ಮೈದುನ ಹಿಂದಿರುಗಿ ಹೋಗಿ, ಬಿಸಿಲಿದೆ, ಬಾಮ್ಮ ಎಂದು ಕೈ ಹಿಡಿದ. ಅತ್ತೆ ಹಸಿಮಣ್ಣನ್ನೇ ನೋಡುತ್ತಾ ಹೇಳಿದರು:

"ಆವತ್ತು ಆಟೋದಲ್ಲಿ ನಾನೂ ನಿಮ್ಮಿಬ್ರ ಜೊತೆ ಬರ್ಬೇಕಿತ್ತು ಕಣೋ."