ಮಿಕ್ಸ್ ಪೆಟ್ಟಿಗೆಗೆ ನಾನು ಕೂಗಿದ ಬೆಲೆ

ಹೋದ ಭಾನುವಾರ ತಣಿಸಂದ್ರದ ಒಂದು ಏಸಿ ಅಂಗಡಿಯಲ್ಲಿ ಅರ್ಧ ಕೆಜಿ ನಂಗ್ ಮೀನಿಗೆ ಮುನ್ನೂರ ಎಂಬತ್ತು ರೂಪಾಯಿ ಕೊಟ್ಟು ಬಂದೆ. ಚೌಕಾಸಿ ಮಾಡಲಿಲ್ಲ. ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ. ಮಗಳ ಮದುವೆಯ ಛತ್ರದವನನ್ನೂ, ನನ್ನ ಹಲ್ಲು ಕಿತ್ತ ಡಾಕ್ಟರನ್ನೂ ಬಿಡದೆ ರೇಟು ಇಳಿಸಿದವನು ನಾನು. ಆದರೆ ಅಂದು ಬಾಯಿ ಏಳಲಿಲ್ಲ. ಥರ್ಮಾಕೋಲ್ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಐಸಿನ ತಣ್ಣನೆಯ ಹೊಗೆಯ ಜೊತೆ ಆ ವಾಸನೆ ಬಂತು... ಒದ್ದೆ ಮರಳು, ಉಪ್ಪು, ಒಂದಿಷ್ಟು ಕೆಸರು. ಒಂದು ಕಾಲದಲ್ಲಿ ನನ್ನ ಗೂಡ್ಸ್ ಆಟೋ ಎಷ್ಟು ತೊಳೆದರೂ ಬಿಡದಿದ್ದ ವಾಸನೆ ಅದು.

ನಂಗ್ ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಾಲಗೆಯ ಆಕಾರದ, ಅಂಗೈ ಉದ್ದದ ಚಪ್ಪಟೆ ಮೀನು. ಕಡಲ ತಳದ ಮರಳಿಗೆ ಅಂಟಿಕೊಂಡು ಮಲಗಿರುತ್ತದೆ. ಎರಡು ಕಣ್ಣೂ ಒಂದೇ ಬದಿಗೆ. ಅಂಜಲ್, ಮಾಂಜಿ ಎಂದು ದೊಡ್ಡ ಮೀನು ಕೇಳಿಕೊಂಡು ಬರುವ ಜನ ಆಗ ಇದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನಾನೂ ಅಷ್ಟೆ. ಕೊಡಿಗೇಹಳ್ಳಿಯಲ್ಲಿ ಕೆರೆ ಮೀನಿನ ಸಾರು, ಮುದ್ದೆ ತಿಂದು ಬೆಳೆದವನು. ನನಗೆ ಇದರ ರುಚಿ ಹತ್ತಿಸಿದವಳು ಗಂಗಾನಗರದ ಮೀನಿನಕ್ಕ.

ಅವಳ ಹೆಸರನ್ನು ನಾನು ಕೇಳಲೇ ಇಲ್ಲ. ಎಲ್ಲರಿಗೂ ಮೀನಿನಕ್ಕ, ನನಗೂ ಅಕ್ಕ. ಕುಂದಾಪುರದ ಕಡೆಯವಳು, ಗಂಡ ತೀರಿಕೊಂಡ ಮೇಲೆ ಬೆಂಗಳೂರಿಗೆ ಬಂದವಳು. ಗಂಗಾನಗರದ ಒಂದು ತಿರುವಿನಲ್ಲಿ, ಹೊಂಗೆ ಮರದ ಕೆಳಗೆ, ಇಸ್ತ್ರಿ ಗಾಡಿಯ ಪಕ್ಕದಲ್ಲಿ ಅವಳು ಮೀನು ಮಾರುವ ಹಲಗೆ. ದಿನಾ ಬೆಳಗ್ಗೆ ಯಶವಂತಪುರದ ಹತ್ತಿರದ ಮೀನಿನ ಮಂಡಿಯಿಂದ ಅವಳನ್ನೂ ಅವಳ ಪೆಟ್ಟಿಗೆಯನ್ನೂ ಆಟೋದಲ್ಲಿ ತಂದು ಬಿಡುವುದು ನನ್ನ ಬಾಡಿಗೆ. ಮೊದಲ ದಿನ ಪೆಟ್ಟಿಗೆಯೊಳಗೆ ಇಣುಕಿ ನಾನು ಮುಖ ಕಿವುಚಿದ್ದನ್ನು ನೋಡಿ ಅವಳು ನಕ್ಕಳು.

"ಎಂತ ಕಾಂತೆ ತಮ್ಮಾ? ಹಾವಲ್ಲ ಮಾರಾಯ, ಮೀನು."

"ಇದನ್ನ ಯಾರಕ್ಕ ತಿಂತಾರೆ? ಕಣ್ಣೇ ಸೊಟ್ಟಗಿದೆ!"

"ಎರಡು ಕಣ್ಣೂ ಒಂದೇ ಬದಿಗ್. ನಿನ್ನ ಕಣ್ಣ್ ಬರೀ ಬಾಡಿಗೆ ಮೇಲಿದ್ದಂಗೆ."

ಆ ಪೆಟ್ಟಿಗೆಯ ವಿಷಯ ಹೇಳಬೇಕು. ಮಂಡಿಯಲ್ಲಿ ದೊಡ್ಡ ಮೀನುಗಳ ಹರಾಜು ಮುಗಿದ ಮೇಲೆ, ಯಾರಿಗೂ ಬೇಡವಾದ ನಂಗ್, ತೊರಕೆ, ಹೆಸರಿಲ್ಲದ ಪುಡಿ ಮೀನುಗಳೆಲ್ಲ ಒಂದೇ ಪೆಟ್ಟಿಗೆಯಲ್ಲಿ ಉಳಿಯುತ್ತಿದ್ದವು. ಅದಕ್ಕೆ ಮಿಕ್ಸ್ ಪೆಟ್ಟಿಗೆ ಎನ್ನುತ್ತಿದ್ದರು. ಅದಕ್ಕೆ ಅಕ್ಕ ಹೇಳಿದ್ದೇ ಬೆಲೆ. ಅವಳ ಎದುರು ಯಾರೂ ಕೂಗುತ್ತಿರಲಿಲ್ಲ. ಇದೇನು ಹರಾಜು ಎಂದು ನಾನು ಕೇಳಿದ್ದಕ್ಕೆ ಆಟೋದಲ್ಲಿ ಪಕ್ಕ ಕೂತು ಅವಳು ಬಿಡಿಸಿ ಹೇಳಿದ್ದಳು. ಅವಳ ಊರಿನಲ್ಲಿ ದಡದ ಮೇಲೆ ನಿಂತು ಜನರೆಲ್ಲ ಸೇರಿ ಎಳೆಯುವ ಕೈರಂಪಣಿ ಬಲೆ ಇದೆಯಂತೆ. ಬಲೆ ಮೇಲೆ ಬಂದಾಗ ಒಳ್ಳೆಯ ಮೀನು ಮಾರಾಟಕ್ಕೆ. ತಳದಲ್ಲಿ ಮರಳಿನ ಜೊತೆ ಸಿಕ್ಕಿ ಉಳಿದದ್ದು, ದೋಣಿಗೆ ಹೋಗುವ ಗಂಡಸರಿಲ್ಲದ ಮನೆಯ ಹೆಂಗಸರಿಗೆ. ಅದಕ್ಕೆ ಯಾರೂ ಬೆಲೆ ಕಟ್ಟುವಂತಿಲ್ಲ. ಅವಳೂ ಹುಡುಗಿಯಾಗಿದ್ದಾಗ ತಾಯಿಯ ಜೊತೆ ಹಗ್ಗ ಹಿಡಿದು, ಕಾಲಡಿಯಲ್ಲಿ ಜಾರುವ ನಂಗ್‌ಗಳನ್ನು ಸೆರಗಿಗೆ ತುಂಬಿಕೊಂಡವಳು. ಮಂಡಿಯವರೂ ಅದೇ ಕಡಲಿನವರು. ಮಾತಾಡಿಕೊಳ್ಳದೆಯೇ ಆ ಪದ್ಧತಿಯನ್ನು ಇಲ್ಲಿಗೂ ತಂದುಕೊಂಡಿದ್ದರು.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ದಾರಿಯೂ ನನಗಿಲ್ಲ.

ಆಟೋ ಸಾಲ ತೀರಿದ ಮೇಲೆ ನಾನು ಹೆಬ್ಬಾಳದಲ್ಲಿ ಒಂದು ಸಣ್ಣ ಮೆಸ್ ಹಾಕಿದೆ. ಬೆಳಗಿನ ಅಕ್ಕನ ಬಾಡಿಗೆ ಮಾತ್ರ ಬಿಡಲಿಲ್ಲ. ಅಕ್ಕ ಎರಡು ಭಾನುವಾರ ಮನೆಗೆ ಬಂದು ನನ್ನ ಹೆಂಡತಿಗೆ ಅಡುಗೆ ಕಲಿಸಿದಳು. ತೊರಕೆಯನ್ನು ಬಿಸಿನೀರಿನಲ್ಲಿ ಅದ್ದಿ ಕೆರೆಯುವುದು, ಹುಣಸೆ ತುಸು ಹೆಚ್ಚು ಹಾಕಿ ಖಾರ ಅರೆಯುವುದು, ನಂಗ್ ಅನ್ನು ಸಣ್ಣ ಉರಿಯಲ್ಲಿ ಒಂದೇ ಸಲ ಮಗುಚುವುದು. ಹೇಳಿಕೊಟ್ಟದ್ದಕ್ಕೆ ಏನೂ ತೆಗೆದುಕೊಳ್ಳಲಿಲ್ಲ. ಮೆಸ್ಸಿಗೆ ಬೇಕಾದ ಮೀನನ್ನು ಅವಳ ಹತ್ತಿರವೇ ಕೊಳ್ಳುತ್ತಿದ್ದೆ. ಇಸ್ತ್ರಿ ಗಾಡಿಯ ಇದ್ದಿಲಿನ ಬೂದಿಯನ್ನು ಜಾರದಂತೆ ಬೆರಳಿಗೆ ಹಚ್ಚಿಕೊಂಡು ಅವಳೇ ಚರ್ಮ ಸುಲಿದು ಕೊಡುತ್ತಿದ್ದಳು. ಜನ ನಂಗ್ ಫ್ರೈ ಕೇಳಿಕೊಂಡು ಬರತೊಡಗಿದರು.

ಆಮೇಲೆ ಒಂದು ಮಳೆಗಾಲ... ಬೋಟುಗಳು ಕಡಲಿಗಿಳಿಯದ ತಿಂಗಳು. ಲಾರಿ ಅರ್ಧ ಖಾಲಿ ಬರುತ್ತಿತ್ತು. ಒಂದು ಆಫೀಸಿನವರಿಗೆ ಐವತ್ತು ಊಟ ಒಪ್ಪಿಕೊಂಡಿದ್ದೆ, ನಂಗ್ ಫ್ರೈ ಸಮೇತ. ಅಕ್ಕನ ಹಲಗೆಗೆ ಬಂದ ಮೇಲೆ ಕೊಳ್ಳುವುದಕ್ಕಿಂತ ಮಂಡಿಯಲ್ಲೇ ಹಿಡಿದರೆ ಅಗ್ಗ ಎಂದು ತಲೆ ಲೆಕ್ಕ ಹಾಕಿತು. ಮಿಕ್ಸ್ ಪೆಟ್ಟಿಗೆ ಮುಂದೆ ಬಂತು. ಅಕ್ಕ ಎಂದಿನಂತೆ, "ಆರ್ನೂರು" ಎಂದಳು.

"ಏಳ್ನೂರು" ಎಂದೆ.

ಹರಾಜು ಕೂಗುವವನು ನನ್ನ ಹತ್ತಿರ ಬಂದು ಗೊಣಗಿದ, "ಏನ್ ಗುರು, ಅದು ಅಕ್ಕಂದು ಕಣೋ. ಗೊತ್ತಿಲ್ವಾ ನಿಂಗೆ?"

"ಹರಾಜು ಅಂದ್ಮೇಲೆ ಹರಾಜಪ್ಪ. ಯಾರ್ ಬೇಕಾದ್ರೂ ಕೂಗ್ಬೋದು."

ಅಕ್ಕ ಎಂಟುನೂರು ಎನ್ನುತ್ತಾಳೆ ಎಂದು ಕಾಯುತ್ತಿದ್ದೆ. ಸಾವಿರದವರೆಗೆ ಹೋಗಲು ತಯಾರಾಗಿದ್ದೆ. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಖುಷಿಯೇ ಆಗುತ್ತಿತ್ತು. ಆದರೆ ಅವಳು ಕೂಗಲಿಲ್ಲ. ಕೈಯಲ್ಲಿದ್ದ ಖಾಲಿ ಬುಟ್ಟಿಯನ್ನು ಬೋರಲು ಹಾಕಿ ನೀರು ಕೊಡವಿದಳು.

"ನಿನ್ನ ಆಟೋ ಭರ್ತಿ ಆಯ್ತ್ ಅಲ್ದಾ ತಮ್ಮಾ. ನಾ ಬಸ್ಸಿಗ್ ಹೋತೆ."

ಮಧ್ಯಾಹ್ನ ಮನಸ್ಸು ತಡೆಯದೆ, ಅಡುಗೆಗೆ ತೆಗೆದು ಉಳಿದ ಮೀನು ಹೊತ್ತು ಅವಳ ಹಲಗೆಯ ಹತ್ತಿರ ಹೋದೆ. ಹೋಗಿ ಏನು ಹೇಳಿದೆ ಗೊತ್ತೆ? "ಅರ್ಧ ನೀವಿಟ್ಕೊಳ್ಳಿ ಅಕ್ಕ, ನಾನ್ ಕೊಟ್ಟಿದ್ ರೇಟಿಗೇ ಕೊಡ್ತೀನಿ." ಅಲ್ಲೂ ನಾನು ಮಾರುತ್ತಲೇ ಇದ್ದೆ. ಇಸ್ತ್ರಿಯವನು ಬಟ್ಟೆ ಬಿಟ್ಟು ನನ್ನನ್ನೇ ನೋಡಿದ. ಅಕ್ಕ ನನ್ನ ಕೈಯಿಂದ ಒಂದೇ ಒಂದು ನಂಗ್ ತೆಗೆದುಕೊಂಡಳು.

"ಇನ್ ಸುಲಿಯೂದ್ ನೀನೇ ಅಲ್ದಾ. ಸಮಾ ಕಾಣ್."

ತಲೆಯ ಹತ್ತಿರ ಚರ್ಮಕ್ಕೆ ಸಣ್ಣ ಗೀರು ಹಾಕಿ, ಬೂದಿ ಬೆರಳಿನಲ್ಲಿ ಹಿಡಿದು, ಕಾಲುಚೀಲ ಕಳಚಿದಂತೆ ಬಾಲದವರೆಗೆ ಒಂದೇ ಎಳೆತಕ್ಕೆ ಎಳೆದಳು. ಆ ಮೀನನ್ನು ವಾಪಸ್ಸು ನನ್ನ ಚೀಲಕ್ಕೇ ಹಾಕಿ, ಕೈ ತೊಳೆದುಕೊಂಡಳು.

ಮಾರನೆಯ ದಿನ ಮಿಕ್ಸ್ ಪೆಟ್ಟಿಗೆಗೆ ನಾಲ್ಕು ಜನ ಕೂಗಿದರು. ಒಬ್ಬ ಕೂಗಬಹುದಾದರೆ ಎಲ್ಲರೂ ಕೂಗಬಹುದು. ಅದನ್ನು ಅವರಿಗೆ ತೋರಿಸಿದವನು ನಾನೇ. ವಾರದೊಳಗೆ ಬೆಲೆ ಅಕ್ಕನ ಕೈ ಮೀರಿತು. ಸ್ವಲ್ಪ ದಿನ ಕೆರೆಯ ಕಾಟ್ಲಾ ಇಟ್ಟು ನೋಡಿದಳು. ಅದನ್ನು ಅವಳ ಹತ್ತಿರ ಯಾರು ಕೇಳುತ್ತಾರೆ? ಆಮೇಲೆ ಹೊಂಗೆ ಮರದ ಕೆಳಗೆ ಹಲಗೆ ಮಾತ್ರ ಇತ್ತು. ಆಮೇಲೆ ಹಲಗೆಯೂ ಇರಲಿಲ್ಲ. ಇಸ್ತ್ರಿಯವನನ್ನು ಕೇಳಿದರೆ, "ನೀವ್ ಕೇಳ್ತಿದ್ದೀರಾ?" ಎಂದಷ್ಟೇ ಹೇಳಿ ಇಸ್ತ್ರಿ ಪೆಟ್ಟಿಗೆಗೆ ಇದ್ದಿಲು ತುಂಬತೊಡಗಿದ. ನಾಲ್ಕೇ ತಿಂಗಳಲ್ಲಿ ನಂಗ್ ನನ್ನ ಮೆಸ್ಸಿಗೂ ದುಬಾರಿಯಾಯಿತು. ಬೋರ್ಡಿನಿಂದ ಅಳಿಸಿದೆ.

ಒಂದು ವರ್ಷ ಕಳೆದ ಮೇಲೆ ತಣಿಸಂದ್ರದ ಈ ಏಸಿ ಅಂಗಡಿಯಲ್ಲೇ ಅವಳನ್ನು ನೋಡಿದೆ. ಪ್ಲಾಸ್ಟಿಕ್ ಟೋಪಿ, ಏಪ್ರನ್, ಕೈಗೆ ಗ್ಲೌಸ್. ಗಾಜಿನ ಆಚೆ ನಿಂತು ಯಾರದೋ ನಂಗ್ ಸುಲಿಯುತ್ತಿದ್ದಳು. ಗ್ಲೌಸಿನಲ್ಲಿ ಹಿಡಿತ ಸಿಗದೆ ಚರ್ಮ ಅರ್ಧಕ್ಕೇ ಹರಿಯುತ್ತಿತ್ತು. "ಅಕ್ಕಾ..." ಎಂದೆ. ತಲೆ ಎತ್ತಿದಳು. ಗುರುತು ಹಿಡಿದಳು, ಅದರಲ್ಲಿ ಅನುಮಾನವಿಲ್ಲ.

"ಟೋಕನ್ ಕೊಡಿ ಸಾರ್. ಹೆಂಗ್ ಕಟ್ ಮಾಡ್ಬೇಕು?"

ಅದು ಕುಂದಾಪುರದ ಮಾತಲ್ಲ, ನಮ್ಮ ಬೆಂಗಳೂರಿನದು. ‘ತಮ್ಮಾ’ ಎಂಬ ಕರೆಯೂ ಹೋಗಿತ್ತು. ನನ್ನ ಕೈಯಲ್ಲಿ ಟೋಕನ್ ಇರಲಿಲ್ಲ. ಹೊರಗೆ ಬಂದೆ. ಮತ್ತೆ ಅವಳನ್ನು ನೋಡಲಿಲ್ಲ.

ಹೋದ ಭಾನುವಾರ ಕೌಂಟರಿನಲ್ಲಿ ವಿಚಾರಿಸಿದೆ. "ಯಾವ್ ಆಂಟಿ ಸಾರ್? ಎಷ್ಟೋ ಜನ ಬಂದ್ರು, ಹೋದ್ರು. ಈಗ ನಂಗ್ ಸುಲಿದು ಕೊಡಲ್ಲ, ಹಂಗೇ ತಗೊಂಡೋಗ್ಬೇಕು." ಹಾಗೇ ತಂದೆ. ಇಸ್ತ್ರಿ ಗಾಡಿಗಳೆಲ್ಲ ಗ್ಯಾಸಿಗೆ ಬಂದಿವೆ. ಬೂದಿಗಾಗಿ ಕೊಡಿಗೇಹಳ್ಳಿಯ ನಮ್ಮ ಅತ್ತಿಗೆಯ ಮನೆಯ ಹಂಡೆ ಒಲೆಯವರೆಗೂ ಹೋಗಬೇಕಾಯಿತು. ಆರು ಮೀನು ಸುಲಿದೆ. ನಾಲ್ಕರ ಚರ್ಮ ಅರ್ಧಕ್ಕೆ ಹರಿಯಿತು.

ನೀವು ನಂಗ್ ಕೊಳ್ಳುವುದಾದರೆ ಕಿವಿರು ಎತ್ತಿ ನೋಡಿ, ಒಳಗೆ ಕೆಂಪಿರಬೇಕು. ಮುಟ್ಟಿದರೆ ತಾನಾಗಿ ಚರ್ಮ ಬಿಡುವ ಮೀನು ಹಳತು, ಬಿಟ್ಟು ಬನ್ನಿ. ಬೂದಿ ಸಿಗದಿದ್ದರೆ ಕಲ್ಲುಪ್ಪು ನಡೆಯುತ್ತದೆ. ಗೀರು ತಲೆಯ ಕಡೆಯಿಂದಲೇ ಹಾಕಿ, ಎಳೆಯುವಾಗ ನಡುವೆ ನಿಲ್ಲಿಸಬೇಡಿ. ಅಗ್ಗವೆಂದು ಮಂಡಿಗೇ ಹೋಗುವವರಿದ್ದರೆ ಹೋಗಿ, ಖಂಡಿತ ಉಳಿತಾಯವಾಗುತ್ತದೆ. ಆದರೆ ಕೊನೆಯ ಪೆಟ್ಟಿಗೆಗೆ ಬಾಯಿ ತೆರೆಯುವ ಮೊದಲು, ಅದರ ಪಕ್ಕದಲ್ಲಿ ಖಾಲಿ ಬುಟ್ಟಿ ಹಿಡಿದು ಯಾರು ನಿಂತಿದ್ದಾರೆ ಎಂದು ಒಮ್ಮೆ ನೋಡಿಕೊಳ್ಳಿ.